ಮಾಳಿಗೆಯ ಮೇಲಿನ ಮಣ್ಣು

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ‘ಶಿಲಾಗೋಳ’ ಎಂಬ ಅಧ್ಯಾಯವಿದೆ. ಜ್ವಾಲಾಮುಖಿ ಎಂದೊಡನೆ ಮಕ್ಕಳ ಬಾಯಿಗೆ ಬರುವುದು ಜಪಾನಿನ ಫ್ಯೂಜಿ, ಇಟಲಿಯ ವೆಸೂವಿಯಸ್. ಸಿಂದಗಿ ತಾಲ್ಲೂಕಿನ ಮೋರಟಗಿ ಸೀಮೆಯಲ್ಲಿ ಈ ಪಾಠ ಹೇಳುತ್ತ ಬಂದ ನನಗೆ ಒಂದು ಮಾತು ಖಚಿತವಾಗಿದೆ. ಇಲ್ಲಿ ಇದು ಶುರುವಾಗಬೇಕಾದದ್ದು ಹೊಲದ ಬಾವಿಯಲ್ಲಿ, ಮುಟ್ಟಬೇಕಾದದ್ದು ಮನೆಯ ಮಾಳಿಗೆಯನ್ನು.

ತೆರೆದ ಬಾವಿಯ ದಂಡೆಯಲ್ಲಿ ನಿಂತು ನೋಡಿದರೆ ಮೇಲೆ ಕರಿ ಎರೆಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕಪ್ಪು ಕಲ್ಲು. ಆ ಕಲ್ಲಿನ ಕೆಲವು ತುಂಡುಗಳಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಕೆಲವದರಲ್ಲಿ ಬಿಳಿ ಹರಳು ಕೂತಿರುತ್ತದೆ. ಕುದಿಯುವ ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳ ಜಾಗ ಅವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಉದ್ದುದ್ದ ಬಿರುಕುಗಳಿಂದ ಪದರ ಪದರವಾಗಿ ಲಾವಾ ಹರಿದು ದಖನ್ ನಾಡನ್ನು ಹೊದಿಸಿತು. ಈಗಲೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಜೋಳ, ತೊಗರಿ ಬೆಳೆಯುವ ಎರೆಭೂಮಿ ಆ ಕಲ್ಲು ಸವೆದು ಆದದ್ದು.

“ಸರ, ಮತ್ತ ಉಕ್ಕತೈತೇನ್ರಿ?” ಎಂದು ಹುಡುಗಿಯೊಬ್ಬಳು ಕೇಳಿದಳು. ಇಲ್ಲ. ಲಾವಾ ಉಕ್ಕಿಸಿದ ಬಿಸಿ ತಾಣವನ್ನು ಬಿಟ್ಟು ಭಾರತದ ಭೂಫಲಕ ಉತ್ತರಕ್ಕೆ ಸರಿದುಬಂದಿದೆ. ಆ ತಾಣ ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ. ಭಾರತದಲ್ಲಿ ಈಗ ಸಕ್ರಿಯವಾಗಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಮಾತ್ರ.

ಭೂಕಂಪದ ವಿಷಯದಲ್ಲಿ ಹೀಗೆ ಧೈರ್ಯ ಹೇಳಲು ಬರುವುದಿಲ್ಲ.

ಭೀಮಾ ನದಿ ದಾಟಿ ಉತ್ತರಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ಹೋದರೆ ಲಾತೂರ್ ಜಿಲ್ಲೆಯ ಕಿಲ್ಲಾರಿ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕು ಗಂಟೆಯ ಹೊತ್ತು. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. 6.2 ತೀವ್ರತೆಯ ಕಂಪನಕ್ಕೆ ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ಅಲ್ಲಿಯವರೆಗೆ ಆ ಪ್ರದೇಶ ದೇಶದ ಭೂಕಂಪ ವಲಯಗಳ ನಕಾಶೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರಲ್ಲಿ ಪರಿಷ್ಕರಿಸಿದಾಗ ಒಂದನೇ ವಲಯವನ್ನೇ ತೆಗೆದುಹಾಕಲಾಯಿತು.

ಅಷ್ಟು ಜನ ಸತ್ತದ್ದು ಯಾಕೆ? ತರಗತಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಅಲ್ಲಿಯ ಮನೆಗಳು ಥೇಟ್ ನಮ್ಮ ಮಾಳಿಗೆ ಮನೆಗಳೇ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣು. ಸೋರಬಾರದೆಂದು ಮೇಲಿಂದ ಮೇಲೆ ಮಣ್ಣು ಹಾಕುತ್ತ ಹೋಗಿ ಎಷ್ಟೋ ಮನೆಗಳಲ್ಲಿ ಅದು ಎರಡಡಿ ದಾಟಿತ್ತು. ಗೋಡೆಯ ಒಳಮೈ, ಹೊರಮೈ ಬೇರೆ ಬೇರೆ. ನಡುವೆ ಚೂರುಕಲ್ಲು, ಮಣ್ಣು ತುಂಬಿದ್ದು. ನೆಲ ಅಲುಗಿದಾಗ ಎರಡು ಮೈ ಬಿಟ್ಟುಕೊಂಡವು, ಮೇಲಿನ ಭಾರವೆಲ್ಲ ಮಲಗಿದವರ ಮೇಲೆ ಬಿತ್ತು. ಇದನ್ನು ಹೇಳುವಾಗಲೇ ಹಿಂದಿನ ಸಾಲಿನ ಹುಡುಗ ಎದ್ದು ನಿಂತು, “ನಮ್ಮ ಆಯಿ ವರ್ಷಾ ಮಾಳಗಿಗಿ ಮಣ್ಣ ಹಾಕಸ್ತಾಳ್ರಿ” ಎಂದ. ಮರುದಿನ ಮಕ್ಕಳು ತಮ್ಮ ತಮ್ಮ ಮಾಳಿಗೆಯ ಮಣ್ಣಿನ ದಪ್ಪವನ್ನು ಬೆಳಕಿಂಡಿಯ ಅಂಚಿನಲ್ಲಿ ಅಳೆದುಕೊಂಡು ಬಂದರು. ಎಷ್ಟು ಚಿತ್ರ ಬರೆದರೂ ಇಷ್ಟು ತಿಳಿಯುತ್ತಿರಲಿಲ್ಲ.

2022ರ ಜುಲೈ 9ರ ಬೆಳಿಗ್ಗೆ ನಮ್ಮ ವಿಜಯಪುರ ಜಿಲ್ಲೆಯಲ್ಲೇ 4.4 ತೀವ್ರತೆಯ ಕಂಪನವಾಯಿತು. ಅಂಕಿಯಲ್ಲಿ ವ್ಯತ್ಯಾಸ ಸಣ್ಣದು ಕಂಡರೂ ಕಿಲ್ಲಾರಿಯಲ್ಲಿ ಹೊರಬಿದ್ದ ಶಕ್ತಿ ಇದರ ಸುಮಾರು 500 ಪಟ್ಟು. ಅದಕ್ಕೂ ಮೊದಲು, 2021ರ ಅಕ್ಟೋಬರಿನಲ್ಲಿ, ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನೆಲ ನಡುಗಿ ಜನ ಮನೆಯ ಹೊರಗೆ ರಾತ್ರಿ ಕಳೆದಿದ್ದರು. ಭಯವೂ ಭೂಕಂಪದ ಪರಿಣಾಮವೇ, ಅದನ್ನೂ ಪಾಠದಲ್ಲಿ ಮಾತಾಡಬೇಕು. ಕಿಲ್ಲಾರಿ ಸೀಮೆಯಲ್ಲಿ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಮನೆ ಗಟ್ಟಿಯಾದವು, ಆದರೆ ಹಳೆಯ ಓಣಿಗಳು ಒಡೆದವು, ಹೊಲ ದೂರಾಯಿತು.

ಮಕ್ಕಳು ಅಳತೆ ತಂದ ಮೇಲೆ ಒಬ್ಬ ಹುಡುಗನ ತಂದೆ ಶಾಲೆಗೆ ಬಂದರು. ಗೌಂಡಿ ಕೆಲಸದವರು. “ಮನಿ ಕೆಡವಿ ಕಟ್ಟಾಕ ರೊಕ್ಕ ಎಲ್ಲಿಂದ ತರೂದ್ರಿ ಸರ?” ಎಂದು ನೇರವಾಗಿ ಕೇಳಿದರು. ಕೆಡವಬೇಕಾಗಿಲ್ಲ ಎಂದೆ. ಹೆಚ್ಚಿನ ಮಣ್ಣು ಇಳಿಸಿ, ನೀರು ಇಳಿಯದಂತೆ ಪ್ಲಾಸ್ಟಿಕ್ ಹಾಳೆ ಹಾಸಿ ತೆಳ್ಳಗೆ ಮಣ್ಣು ಹರಡಬಹುದು. ಗೋಡೆಯ ಎರಡೂ ಮೈ ಮುಟ್ಟುವ ಉದ್ದ ಕಲ್ಲನ್ನು ಅಲ್ಲಲ್ಲಿ ಕೂಡಿಸಬೇಕು. “ಅಂಥಾ ಕಲ್ಲು ಈಗ ಸಿಗೂದು ಕಷ್ಟ” ಎಂದರು. ಹಾಗಿದ್ದರೆ ಗೋಡೆಯಲ್ಲಿ ಆರಪಾರ ತೂತು ಮಾಡಿ, ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿದರೂ ನಡೆಯುತ್ತದೆ. ಸರಳು ಎಷ್ಟು ದಪ್ಪ, ತೂತಿಗೆ ತೂತಿಗೆ ಅಂತರ ಎಷ್ಟು ಎಂದು ಅವರು ಕೇಳುತ್ತ ಹೋದರು. ಮಗ ಪಕ್ಕದಲ್ಲಿ ನಿಂತು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡ.