ಅಡ್ಡಹೆಸರಿನ ಅಭ್ಯಾಸ: ಐರ್ಲೆಂಡಿನ ಸಲಿವನ್ ಮನೆತನ



ಪರಊರಿನಲ್ಲಿ ನೌಕರಿ ಹಿಡಿದ ನಮ್ಮವರಿಗೆ ಮೊದಲ ದಿನವೇ ಎದುರಾಗುವ ಪ್ರಶ್ನೆ 'ಸರ್‌ನೇಮ್ ಏನು?' ಎಂಬುದು. ಧಾರವಾಡ, ವಿಜಾಪುರದ ಕಡೆಯವರು ಊರಿನ ಹೆಸರನ್ನೋ ಮನೆತನದ ಹೆಸರನ್ನೋ ಹೇಳಿ ಪಾರಾಗುತ್ತಾರೆ. ಮೈಸೂರು ಕಡೆಯವರಿಗೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಸಾಕು. ಆದರೆ ಫಾರ್ಮಿಗೆ ಅವು ಸಾಲುವದಿಲ್ಲ. ಹೀಗೆ ಕೋಷ್ಟಕ ತುಂಬುವ ಗಡಿಬಿಡಿಯಲ್ಲಿ ಅಡ್ಡಹೆಸರೆಂದರೇನು, ಅದು ಎಲ್ಲಿಂದ ಬಂತು, ಅದರಿಂದ ಏನು ತಿಳಿಯುವದು ಎಂದು ವಿಚಾರಿಸಲು ನಮಗೆ ಬಿಡುವೇ ಆಗುವದಿಲ್ಲ.

ಈ ವಿಷಯವನ್ನು ಕಲಿಯಲು ಐರ್ಲೆಂಡ್ ಒಳ್ಳೆಯ ಪಾಠಶಾಲೆ. ಅಲ್ಲಿಯ ಹೆಸರುಗಳು ಹಳೆಯವು, ಊರಿಗೆ ಅಂಟಿಕೊಂಡಂಥವು. ಮತ್ತು ಅಲ್ಲಿಯ ಜನ ಹೊಟ್ಟೆಪಾಡಿಗಾಗಿ ಲೋಕವೆಲ್ಲ ಹರಡಿದವರು. ಹತ್ತು ಹೆಸರುಗಳನ್ನು ಅರೆಬರೆಯಾಗಿ ನೋಡುವದಕ್ಕಿಂತ ಒಂದನ್ನು ಪೂರ್ತಿ ನೋಡೋಣ. 'ಸಲಿವನ್' ಎಂಬ ಹೆಸರನ್ನು ಆರಿಸಿಕೊಂಡಿದ್ದೇನೆ.

1. ಹೆಸರಿಡುವ ಪದ್ಧತಿ

ಐರ್ಲೆಂಡ್ ಇಂಗ್ಲೆಂಡಿನ ಪಶ್ಚಿಮಕ್ಕಿರುವ ದ್ವೀಪ. ಅದರಲ್ಲಿ 32 ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು. 26 ಕೌಂಟಿಗಳು 1922ರಲ್ಲಿ ಪ್ರತ್ಯೇಕ ರಾಜ್ಯವಾದವು. ಉತ್ತರದ ಆರು ಬ್ರಿಟನ್ನಿನೊಡನೆ ಉಳಿದವು. ಅಲ್ಲಿಯ ಮೂಲ ಭಾಷೆ ಇಂಗ್ಲಿಷ್ ಅಲ್ಲ, ಐರಿಷ್.

ಐರಿಷ್ ಹೆಸರುಗಳಲ್ಲಿ ಎರಡು ಮುಖ್ಯ ಗುರುತುಗಳುಂಟು. 'ಮ್ಯಾಕ್' ಎಂದರೆ ಮಗ. 'ಓ' ಎಂದರೆ ಮೊಮ್ಮಗ, ಅಥವಾ ಒಟ್ಟಿನಲ್ಲಿ ವಂಶದವನು. ಮೊದಮೊದಲು ಪ್ರತಿಯೊಬ್ಬನೂ ತನ್ನ ತಂದೆಯ ಅಥವಾ ಅಜ್ಜನ ಹೆಸರು ಹೇಳುತ್ತಿದ್ದನು. ತಲೆಮಾರು ಬದಲಾದಂತೆ ಹೆಸರೂ ಬದಲಾಗುತ್ತಿತ್ತು. ಹತ್ತು-ಹನ್ನೊಂದನೆಯ ಶತಮಾನಗಳಲ್ಲಿ ಹೆಸರುವಾಸಿಯಾದ ಒಬ್ಬ ಹಿರಿಯನ ಹೆಸರನ್ನೇ ಮುಂದಿನವರೆಲ್ಲರೂ ಇಟ್ಟುಕೊಳ್ಳತೊಡಗಿದರು. ಯುರೋಪಿನಲ್ಲಿ ಇಷ್ಟು ಬೇಗ ವಂಶದ ಹೆಸರು ನಿಂತ ದೇಶಗಳು ಕಡಿಮೆ. ಲಿಖಿತದಲ್ಲಿ ಸಿಗುವ ಅತಿ ಹಳೆಯ ಐರಿಷ್ ಅಡ್ಡಹೆಸರುಗಳಲ್ಲಿ 'ಓ ಕ್ಲೇರಿ' ಒಂದು. ಆ ಮನೆತನದ ಒಡೆಯನೊಬ್ಬನು ಕ್ರಿ. ಶ. 916ರಲ್ಲಿ ತೀರಿಕೊಂಡನೆಂದು ದಾಖಲೆಯುಂಟು. ಆ ಹೆಸರಿನ ಅರ್ಥ ಮಠದ ಓದುಬರಹ ಬಲ್ಲವನು, ಎಂದರೆ ಗುಮಾಸ್ತ! ನಮ್ಮಂಥ ಕಾರಕೂನರು ಹೆಮ್ಮೆಪಡಬಹುದಾದ ಸಂಗತಿ.

ಹೆಣ್ಣುಮಕ್ಕಳ ಹೆಸರಿಗೆ ಬೇರೆ ನಿಯಮ. ಮಗಳಾದರೆ 'ಓ' ಬದಲು 'ನೀ' ಎಂದು, ಮದುವೆಯಾಗಿ ಬಂದ ಸೊಸೆಯಾದರೆ 'ಬ್ಯಾನ್ ಈ' ಎಂದು ಬರುವದು. ಹೆಸರು ಕೇಳಿದೊಡನೆ ಇವಳು ಈ ಮನೆಯ ಮಗಳೋ ಸೊಸೆಯೋ ಎಂಬುದು ತಿಳಿದುಹೋಗುವದು.

2. ಹೆಸರಿನ ಅರ್ಥ

ಐರಿಷ್‌ನಲ್ಲಿ ಈ ಹೆಸರಿನ ಉಚ್ಚಾರ ಸುಮಾರಾಗಿ 'ಓ ಸೂಲಿವಾನ್' ಎಂದು. 'ಸೂಲ್' ಎಂದರೆ ಕಣ್ಣು. ಇದರಲ್ಲಿ ಹೆಚ್ಚು ಚರ್ಚೆಯಿಲ್ಲ. ಉಳಿದ ಭಾಗದ ಬಗ್ಗೆ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. 'ಕಪ್ಪು ಕಣ್ಣಿನವನು' ಎಂದು ಹಲವರು, 'ಒಕ್ಕಣ್ಣನು' ಎಂದು ಕೆಲವರು. ಯಾವುದೇ ಇರಲಿ, ಸುಮಾರು ಸಾವಿರ ವರ್ಷಗಳ ಹಿಂದೆ ಒಬ್ಬ ಹಿರಿಯನನ್ನು ಊರವರು ಅವನ ಕಣ್ಣಿನಿಂದ ಗುರುತಿಸಿದರು. ಆ ಗುರುತು ಇಂದಿಗೂ ಲಕ್ಷಾಂತರ ಜನರ ಸಹಿಯಲ್ಲಿ ಉಳಿದಿದೆ.

3. ಮೊದಲನೆಯ ಸ್ಥಳಾಂತರ

ಸಲಿವನ್ನರೆಂದರೆ ಕಾರ್ಕ್ ಮತ್ತು ಕೆರಿ ಕೌಂಟಿಯವರೆಂದು ಇಂದು ಎಲ್ಲರೂ ಹೇಳುತ್ತಾರೆ. ಇವು ಐರ್ಲೆಂಡಿನ ನೈಋತ್ಯ ಮೂಲೆಯ, ಕಲ್ಲು, ಗುಡ್ಡ, ಕಡಲಿನ ಪ್ರದೇಶಗಳು. ಆದರೆ ಅವರ ಮೂಲಸ್ಥಳ ಅದಲ್ಲ. ಅವರು ಮೊದಲಿದ್ದದ್ದು ಪೂರ್ವಕ್ಕೆ, ಟಿಪ್ಪರೇರಿ ಕೌಂಟಿಯ ನಾಕ್‌ಗ್ರಾಫನ್ ಸುತ್ತಿನ ಫಲವತ್ತಾದ ಬಯಲಿನಲ್ಲಿ. ಹನ್ನೆರಡನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಿಂದ ಬಂದ ನಾರ್ಮನ್ ಸರದಾರರು ಆ ಬಯಲುಸೀಮೆಯನ್ನು ಆಕ್ರಮಿಸಿದರು. ಸಲಿವನ್ನರು ಪಶ್ಚಿಮದ ಗುಡ್ಡಗಳಿಗೆ ಸರಿಯಬೇಕಾಯಿತು.

ಅಲ್ಲಿ ಅವರು ಎರಡು ಮುಖ್ಯ ಶಾಖೆಗಳಾದರು. ಹಿರಿಯ ಶಾಖೆ 'ಓ'ಸಲಿವನ್ ಮೋರ್'. 'ಮೋರ್' ಎಂದರೆ ದೊಡ್ಡ; ನಮ್ಮ 'ದೊಡ್ಡಮನಿ'ಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಶಾಖೆಯವರು ಕಡಲಿಗೆ ಚಾಚಿದ ಬೇರಾ ಎಂಬ ಭೂಶಿರದಲ್ಲಿ ನೆಲೆಸಿ 'ಓ'ಸಲಿವನ್ ಬೇರ್' ಎನಿಸಿದರು. ಇಲ್ಲಿ ನೆಲವೇ ಹೆಸರಿಗೆ ಅಂಟಿತು.

4. ಚಳಿಗಾಲದ ನಡಿಗೆ

1601ರಲ್ಲಿ ಕಿನ್‌ಸೇಲ್ ಎಂಬಲ್ಲಿ ಐರಿಷ್ ಸರದಾರರು ಇಂಗ್ಲಿಷ್ ಸೈನ್ಯದ ಎದುರು ಸೋತರು. ಮರುವರ್ಷ ಬೇರಾ ಶಾಖೆಯ ಡನ್‌ಬಾಯ್ ಕೋಟೆಯೂ ಮುತ್ತಿಗೆಗೆ ಬಿದ್ದಿತು. ಆಗಿನ ಒಡೆಯ ಡೋನಲ್ ಓ'ಸಲಿವನ್ ಬೇರ್ ತನ್ನ ಜನರನ್ನು ಕರೆದುಕೊಂಡು 1602ರ ಡಿಸೆಂಬರ್ 31ರಂದು ಗ್ಲೆನ್‌ಗ್ಯಾರಿಫ್ ಬಿಟ್ಟು ಉತ್ತರಕ್ಕೆ ಹೊರಟನು. ಜೊತೆಗೆ ಸುಮಾರು ಒಂದು ಸಾವಿರ ಜನ; ಅವರಲ್ಲಿ ಸಿಪಾಯಿಗಳಿಗಿಂತ ಹೆಂಗಸರು, ಮಕ್ಕಳು, ಆಳುಕಾಳುಗಳೇ ಹೆಚ್ಚು. ಹೋಗಬೇಕಾದದ್ದು ಸುಮಾರು 250 ಮೈಲಿ ದೂರದ ಲೀಟ್ರಿಮ್‌ಗೆ, ಮಿತ್ರನಾದ ಓ'ರೂರ್ಕ್‌ನ ಆಶ್ರಯಕ್ಕೆ.

ದಾರಿಯಲ್ಲಿ ಹಿಮ, ಹಸಿವು, ಮೇಲಿಂದ ಮೇಲೆ ದಾಳಿ. ಶ್ಯಾನನ್ ನದಿಗೆ ಬಂದಾಗ ದೋಣಿಯಿಲ್ಲ. ತಮ್ಮ ಕುದುರೆಗಳನ್ನೇ ಕೊಂದು, ಮಾಂಸ ತಿಂದು, ಚರ್ಮವನ್ನು ಕೋಲುಗಳ ಚೌಕಟ್ಟಿಗೆ ಬಿಗಿದು ದೋಣಿ ಮಾಡಿ ದಾಟಿದರು. 1603ರ ಜನವರಿ 14ರಂದು ಲೀಟ್ರಿಮ್ ಮುಟ್ಟಿದಾಗ ಜೊತೆಯಲ್ಲಿ ಉಳಿದವರು 35 ಮಂದಿ. ಮಿಕ್ಕವರಲ್ಲಿ ಹಲವರು ಸತ್ತರು. ಹಲವರು ನಡೆಯಲಾರದೆ ದಾರಿಯ ಊರುಗಳಲ್ಲೇ ಉಳಿದರು. ಡೋನಲ್ ಮುಂದೆ ಸ್ಪೇನ್ ದೇಶಕ್ಕೆ ಹೋಗಿ 1618ರಲ್ಲಿ ಮ್ಯಾಡ್ರಿಡ್‌ನಲ್ಲಿ ಕೊಲೆಯಾದನು.

ಒಡೆಯ ಹೋದರೂ ಬೇರಾದಲ್ಲಿ ಹೆಸರು ಅಳಿಯಲಿಲ್ಲವೆಂಬುದನ್ನು ಗಮನಿಸಿರಿ. ಜಮೀನು ಪರರ ಕೈಗೆ ಹೋಯಿತು. ಅದೇ ಜಮೀನಿನಲ್ಲಿ ಗೇಣಿದಾರರಾಗಿ, ಬೆಸ್ತರಾಗಿ, ಕೂಲಿಗಳಾಗಿ ಸಲಿವನ್ನರು ಉಳಿದರು.

5. 'ಓ' ಹೋದದ್ದು ಮತ್ತು ಮರಳಿ ಬಂದದ್ದು

ಇಂಗ್ಲಿಷರ ಆಳಿಕೆಯಲ್ಲಿ ಐರಿಷ್ ಹೆಸರಿಗೆ ಬೆಲೆಯಿರಲಿಲ್ಲ. 1465ರಷ್ಟು ಹಿಂದೆಯೇ ಒಂದು ಕಾಯಿದೆಯಾಗಿತ್ತು. ಡಬ್ಲಿನ್ ಸುತ್ತಿನ ಸೀಮೆಯಲ್ಲಿದ್ದ ಐರಿಷರು ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಬೇಕು. ಅದು ಊರಿನ ಹೆಸರಾಗಲಿ, ಬಿಳಿ, ಕಪ್ಪು, ಕಂದು ಎಂಬ ಬಣ್ಣವಾಗಲಿ, ಕಮ್ಮಾರ, ಬಡಿಗ, ಅಡಿಗೆಯವ ಎಂಬ ಕಸುಬಾಗಲಿ ಆಗಬಹುದು ಎಂದು. ದೂರದ ಕಾರ್ಕ್, ಕೆರಿಗೆ ಆ ಕಾಯಿದೆ ತಟ್ಟಲಿಲ್ಲ. ಆದರೆ ಮುಂದಿನ ಶತಮಾನಗಳಲ್ಲಿ ಕೋರ್ಟು, ಕಚೇರಿ, ಜಮೀನುದಾರನ ಲೆಕ್ಕದ ಪುಸ್ತಕ ಎಲ್ಲವೂ ಇಂಗ್ಲಿಷ್‌ನಲ್ಲಿ ನಡೆದವು. ಬರೆಯುವವನಿಗೆ ಐರಿಷ್ ಬಾರದು. ಬರೆಸುವವನಿಗೆ ಓದು ಬಾರದು. 'ಓ ಸೂಲಿವಾನ್' ಎಂದು ಹೇಳಿದವನು ಪುಸ್ತಕದಲ್ಲಿ 'ಸಲಿವನ್' ಆದನು. ಹತ್ತೊಂಬತ್ತನೆಯ ಶತಮಾನದಲ್ಲಿ 'ಓ' ಹಚ್ಚಿ ಬರೆಯುವ ಸಲಿವನ್ನರು ಬಹಳ ಕಡಿಮೆಯಾಗಿದ್ದರು.

1893ರಲ್ಲಿ ಐರಿಷ್ ಭಾಷೆಯ ಉದ್ಧಾರಕ್ಕಾಗಿ ಗೇಲಿಕ್ ಲೀಗ್ ಎಂಬ ಸಂಘ ಹುಟ್ಟಿತು. ಭಾಷೆಯ ಅಭಿಮಾನದೊಡನೆ ಹೆಸರಿನ ಅಭಿಮಾನವೂ ಬೆಳೆದು ಜನರು 'ಓ'ವನ್ನು ಮರಳಿ ಹಚ್ಚಿಕೊಂಡರು. ಆದರೆ ಅದಕ್ಕೂ ಮೊದಲೇ ದೇಶ ಬಿಟ್ಟವರಿಗೆ ಈ ಗಾಳಿ ತಾಗಲಿಲ್ಲ. ಆದುದರಿಂದ ಐರ್ಲೆಂಡಿನಲ್ಲಿ ಓ'ಸಲಿವನ್ ಹೆಚ್ಚು, ಅಮೇರಿಕೆಯಲ್ಲಿ ಬರೀ ಸಲಿವನ್ ಹೆಚ್ಚು. ಒಂದಕ್ಷರವೇ ವಲಸೆಯ ಕಾಲವನ್ನು ಸೂಚಿಸುವದು. ಇಂಗ್ಲಿಷ್ ಬರಹದಲ್ಲಿ 'ಓ' ಪಕ್ಕಕ್ಕೆ ಹಾಕುವ ಚಿಕ್ಕ ಗುರುತನ್ನು ಕೆಲವು ಕಂಪ್ಯೂಟರ್ ಫಾರ್ಮುಗಳು ಇಂದಿಗೂ ಒಪ್ಪುವದಿಲ್ಲ. ಫಾರ್ಮಿನ ಕಾಟ ನಮಗಷ್ಟೇ ಅಲ್ಲ!

6. ಪಟ್ಟಿಗಳು ಹೇಳುವ ಲೆಕ್ಕ

ಒಂದು ಹೆಸರು ಎಲ್ಲೆಲ್ಲಿ ಎಷ್ಟಿದೆ ಎಂದು ತಿಳಿಯುವದು ಹೇಗೆ? ಪಟ್ಟಿಗಳಿಂದ. ಐರ್ಲೆಂಡಿನಲ್ಲಿ ಇಂಥ ಪಟ್ಟಿಗಳು ಮುಖ್ಯವಾಗಿ ಮೂರು. ಮೊದಲನೆಯದು 1847ರಿಂದ 1864ರ ವರೆಗೆ ತೆರಿಗೆಗಾಗಿ ಮಾಡಿದ ಜಮೀನು-ಮನೆಗಳ ಮೌಲ್ಯಮಾಪನ. ಎರಡನೆಯದು ಜನನದ ನೋಂದಣಿ. ಮೂರನೆಯದು 1901 ಮತ್ತು 1911ರ ಜನಗಣತಿ. ಹಿಂದಿನ ಜನಗಣತಿಯ ಕಾಗದಗಳಲ್ಲಿ ಕೆಲವನ್ನು ಸರಕಾರವೇ ನಾಶಮಾಡಿತು. ಬಹುಪಾಲು ಉಳಿದವು 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಫ್ತರಖಾನೆಗೆ ಬೆಂಕಿ ಬಿದ್ದಾಗ ಸುಟ್ಟುಹೋದವು.

ನೋಂದಣಿ ಖಾತೆಯ ಅಧಿಕಾರಿ ರಾಬರ್ಟ್ ಮ್ಯಾಥೆಸನ್ ಎಂಬವರು 1890ರಲ್ಲಿ ಹುಟ್ಟಿದ ಕೂಸುಗಳ ಹೆಸರುಗಳನ್ನು ಎಣಿಸಿ, ಎಷ್ಟು ಜನಕ್ಕೆ ಒಂದು ಜನನ ಎಂಬ ಪ್ರಮಾಣದಿಂದ ಪ್ರತಿ ಅಡ್ಡಹೆಸರಿನವರ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡಿದರು. ಮರ್ಫಿ 62,600, ಕೆಲಿ 55,900, ಮೂರನೆಯದಾಗಿ ಸಲಿವನ್ 43,600. ಅಂದರೆ ಆಗ ಸುಮಾರು ನೂರು ಜನರಲ್ಲಿ ಒಬ್ಬ ಸಲಿವನ್. ಆದರೆ ಇವರು ದೇಶದ ತುಂಬ ಹರಡಿರಲಿಲ್ಲ. ನೂರಕ್ಕೆ ಸುಮಾರು ಎಂಬತ್ತು ಸಲಿವನ್ನರು ಕಾರ್ಕ್, ಕೆರಿ ಎಂಬ ಎರಡೇ ಕೌಂಟಿಗಳವರು. ಉಳಿದವರಲ್ಲಿ ಹೆಚ್ಚಿನವರು ಲಿಮರಿಕ್ ಮತ್ತು ಡಬ್ಲಿನ್‌ನಲ್ಲಿ.

ಬೇರಾದ ಕೆಲವು ಹಳ್ಳಿಗಳಲ್ಲಿ ಮನೆ ಮನೆಯೂ ಸಲಿವನ್. ಅಲ್ಲಿ ಅಡ್ಡಹೆಸರು ಗುರುತಿಗೆ ಬರುವದಿಲ್ಲ. ಆದುದರಿಂದ ಜನರು ಅದರ ಮೇಲೆ ಇನ್ನೊಂದು ಹೆಸರು ಹಚ್ಚಿದರು: ಒಂದು ಮನೆಯವರು 'ಬಾನ್', ಎಂದರೆ ಬಿಳಿ, ಇನ್ನೊಂದು ಮನೆಯವರು 'ರುವಾ', ಎಂದರೆ ಕೆಂಪು. ಸಾವಿರ ವರ್ಷದ ಹಿಂದೆ ಕಣ್ಣಿನಿಂದ ಗುರುತಿಸಿದಂತೆ ಈಗ ಮೈಬಣ್ಣ, ಕೂದಲಿನಿಂದ ಗುರುತಿಸಿದರು.

7. ತಾಮ್ರದ ಬೆನ್ನು ಹತ್ತಿ

1812ರಲ್ಲಿ ಬೇರಾದ ಆಲಿಹೀಸ್ ಎಂಬಲ್ಲಿ ತಾಮ್ರದ ಗಣಿ ಆರಂಭವಾಯಿತು. ಮಾಲಕರು ಪಕ್ಸ್‌ಲಿ ಮನೆತನದವರು. ಅವರ ಬಂಗಲೆ ನಿಂತದ್ದು ಹಾಳುಬಿದ್ದ ಡನ್‌ಬಾಯ್ ಕೋಟೆಯ ಪಕ್ಕದಲ್ಲಿಯೇ. ಒಮ್ಮೆ ಕೋಟೆಯಾಳಿದ ಹೆಸರಿನವರು ಈಗ ಗಣಿಯ ಕೂಲಿಗಳು. 1845ರಿಂದ ಬಟಾಟೆಯ ಬೆಳೆಗೆ ರೋಗ ತಗಲಿ ಭೀಕರ ಬರ ಬಿದ್ದಿತು. 1841ರಲ್ಲಿ ಐರ್ಲೆಂಡಿನ ಜನಸಂಖ್ಯೆ 81 ಲಕ್ಷಕ್ಕೂ ಮಿಗಿಲು. 1851ರಲ್ಲಿ 65 ಲಕ್ಷ ಚಿಲ್ಲರೆ. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು.

1880ರ ದಶಕದಲ್ಲಿ ಆಲಿಹೀಸ್ ಗಣಿ ಮುಚ್ಚಿತು. ಆದರೆ ಅಲ್ಲಿಯವರ ಕೈಯಲ್ಲಿ ಕಸುಬಿತ್ತು. ಅಮೇರಿಕೆಯ ಮಿಶಿಗನ್ ಸೀಮೆಯ ತಾಮ್ರದ ಗಣಿಗೂ, ಮುಂದೆ ಮೊಂಟಾನಾ ಸಂಸ್ಥಾನದ ಬ್ಯೂಟ್ ಎಂಬ ಗಣಿ ಪಟ್ಟಣಕ್ಕೂ ಹೋದರು. ಒಬ್ಬ ಹೋಗಿ ತಮ್ಮನನ್ನು ಕರೆಸಿದ, ತಮ್ಮ ಭಾವಮೈದುನನನ್ನು ಕರೆಸಿದ. ಬೇರಾದ ಐರೀಸ್ ಎಂಬ ಒಂದು ಊರಸೀಮೆಯಿಂದ 1870ರಿಂದ 1915ರ ವರೆಗೆ ಹೊರಟ 1,700 ಜನರಲ್ಲಿ 1,138 ಮಂದಿ ಸೇರಿದ್ದು ಈ ಬ್ಯೂಟ್ ಪಟ್ಟಣವನ್ನೇ. ಹೀಗೆ ಸಮುದ್ರದಿಂದ ಬಹುದೂರ, ಗುಡ್ಡಗಳ ನಡುವಿನ ಆ ಪಟ್ಟಣದಲ್ಲಿ ಸಲಿವನ್ ಎಂಬುದು ಬೀದಿ ಬೀದಿಯ ಹೆಸರಾಯಿತು. ಒಂದೇ ಊರಿನವರು ಒಂದೇ ಖೋಲಿಯಲ್ಲಿ, ಒಂದೇ ಖಾತೆಯಲ್ಲಿ ಸೇರಿಕೊಳ್ಳುವ ರೀತಿಯನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಬಾಸ್ಟನ್ ಕಡೆಗೂ ಬಹಳ ಜನ ಹೋದರು. 1882ರಿಂದ 1892ರ ವರೆಗೆ ಮುಷ್ಟಿಯುದ್ಧದ ಜಗಜಟ್ಟಿಯಾಗಿದ್ದ ಜಾನ್ ಎಲ್. ಸಲಿವನ್ ಬಾಸ್ಟನ್ ಸೀಮೆಯವನು. ಕಣ್ಣು, ಕಿವಿ ಎರಡೂ ಇಲ್ಲದ ಹೆಲೆನ್ ಕೆಲ್ಲರಳಿಗೆ 1887ರಲ್ಲಿ ಅಂಗೈಯಲ್ಲಿ ಬೆರಳಿನ ಸನ್ನೆಗಳಿಂದ ಅಕ್ಷರ ಕಲಿಸಿದ ಆ್ಯನ್ ಸಲಿವನ್, ಐರ್ಲೆಂಡಿನಿಂದ ಬಂದ ಬಡ ತಂದೆತಾಯಿಗಳ ಮಗಳು. ಕಣ್ಣಿನ ಹೆಸರು ಹೊತ್ತವಳು ಕುರುಡಿಗೆ ದಾರಿ ತೋರಿಸಿದಳು.

ನಮ್ಮ ಮಗ್ಗುಲಲ್ಲೂ ಈ ಹೆಸರುಂಟು. 1819ರಲ್ಲಿ ನೀಲಗಿರಿ ಹತ್ತಿ, ಉದಕಮಂಡಲದಲ್ಲಿ 1822ರಲ್ಲಿ 'ಕಲ್ಲು ಬಂಗಲೆ' ಕಟ್ಟಿಸತೊಡಗಿದ ಕೊಯಿಮತ್ತೂರಿನ ಕಲೆಕ್ಟರನ ಹೆಸರು ಜಾನ್ ಸಲಿವನ್. ಆತನು ಹುಟ್ಟಿದ್ದು ಲಂಡನ್ನಿನಲ್ಲಿ.

8. ಎರಡು ಎಚ್ಚರಿಕೆಗಳು

ಒಂದು: ಹೆಸರು ಒಂದೇ ಆದ ಮಾತ್ರಕ್ಕೆ ರಕ್ತ ಒಂದೇ ಅಲ್ಲ. ಮರ್ಫಿ ಎಂಬ ಹೆಸರು ಐರ್ಲೆಂಡಿನ ಬೇರೆ ಬೇರೆ ಸೀಮೆಗಳಲ್ಲಿ ಬೇರೆ ಬೇರೆಯಾಗಿಯೇ ಹುಟ್ಟಿದೆ. ಎರಡು: ಹೆಸರಿನ ಈಗಿನ ಊರೇ ಅದರ ಮೊದಲಿನ ಊರೆಂದು ತಿಳಿಯಬಾರದು, ಸಲಿವನ್ನರನ್ನು ಕೆರಿಯವರೆಂದು ನಿಲ್ಲಿಸಿದ್ದರೆ ಟಿಪ್ಪರೇರಿ ತಪ್ಪಿಹೋಗುತ್ತಿತ್ತು.

ಇಷ್ಟರಿಂದ ತಿಳಿಯುವದೇನು? ಬಡವನಿಗೆ ಚರಿತ್ರೆಯ ಪುಸ್ತಕದಲ್ಲಿ ಜಾಗವಿಲ್ಲ. ಅವನ ಚರಿತ್ರೆ ಇರುವದು ಹಾಜರಿ ಪಟ್ಟಿಯಲ್ಲಿ, ಗೇಣಿಯ ಲೆಕ್ಕದಲ್ಲಿ, ಕೂಸು ಹುಟ್ಟಿದಾಗಿನ ದಾಖಲೆಯಲ್ಲಿ. ಅಲ್ಲಿ ಬರೆದ ಒಂದು ಹೆಸರಿನಿಂದ ನೂರೈವತ್ತು ವರ್ಷಗಳ ತರುವಾಯ ಮೊಮ್ಮಗನ ಮಗ ತನ್ನ ಊರನ್ನು ಹುಡುಕಿ ಹೋಗಬಲ್ಲನು. ಬರೆಯುವವನು ತನಗೆ ಸುಲಭವಾದಂತೆ ಕತ್ತರಿಸಿದರೆ ಆ ದಾರಿ ಅಲ್ಲಿಗೇ ಮುಚ್ಚುವದು. ಆದುದರಿಂದ ಲೇಖಣಿ ಹಿಡಿದ ನಾವು ಪ್ರತಿಯೊಬ್ಬನ ಹೆಸರನ್ನೂ ಅವನು ಹೇಳಿದಂತೆ ಬರೆಯಬೇಕು. ಹೆಸರು ಹೇಳುವವರು ನಾಚದೆ ಪೂರ್ತಿ ಹೇಳಬೇಕು.

ಅಭ್ಯಾಸಕ್ಕೆ

(1) ನಿಮ್ಮ ಅಡ್ಡಹೆಸರು ಊರಿನದೋ, ಕಸುಬಿನದೋ, ಹಿರಿಯನದೋ?
(2) ನಿಮ್ಮ ಅಜ್ಜನ ಕಾಲದ ಕಾಗದಪತ್ರಗಳಲ್ಲಿ ಅದನ್ನು ಹೇಗೆ ಬರೆದಿದೆ? ಈಗ ಹೇಗೆ ಬರೆಯುತ್ತೀರಿ?
(3) ಅದೇ ಹೆಸರಿನವರು ಬೇರೆ ಯಾವ ಊರುಗಳಲ್ಲಿದ್ದಾರೆ? ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿರಿ. ಅವರಿರುವಾಗಲೇ ಕೇಳಿರಿ.