ಗಲ್ಫಿಗೆ ಹೊರಟವರ ನಿತ್ಯದ ಮಾತ್ರೆ

ನಮ್ಮ ಕಾಸರಗೋಡು ಕಡೆಯ ಎಷ್ಟೋ ಮನೆಗಳಲ್ಲಿ ಅಡಿಕೆ ತೋಟ ನೋಡಿಕೊಳ್ಳುವವರು ಹೆತ್ತವರು, ದುಡಿಯುವ ಮಕ್ಕಳು ದುಬೈ, ಅಬುಧಾಬಿಯಲ್ಲಿ. ಮಗನಿಗೆ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಫಿಟ್ಸ್ ಇದ್ದರೆ, ನಾವು ವರ್ಷಕ್ಕಾಗುವಷ್ಟು ಮಾತ್ರೆ ಪೆಟ್ಟಿಗೆಯಲ್ಲಿ ತುಂಬಿಸುತ್ತೇವೆ. ಮುಗಿದರೆ ರಜೆಯಲ್ಲಿ ಬಂದವರ ಕೈಯಲ್ಲಿ ಕಳುಹಿಸುತ್ತೇವೆ. ಪ್ರೀತಿಯಿಂದ ಮಾಡುವ ಈ ಕೆಲಸ ಕೆಲವೊಮ್ಮೆ ಮಗನನ್ನೂ ಪೊಟ್ಟಣ ಒಯ್ದವನನ್ನೂ ಜೈಲಿಗೆ ತಳ್ಳಬಹುದು.

ಇಲ್ಲಿ ವೈದ್ಯರು ಬರೆದುಕೊಡುವ ಎಲ್ಲಾ ಔಷಧಿಗಳನ್ನು ಅಲ್ಲಿಗೆ ಸುಮ್ಮನೆ ಒಯ್ಯುವಂತಿಲ್ಲ. ನೋವಿನ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆ ಕೊಡುವ ಅಲ್ಪ್ರಾಝೋಲಾಮ್, ಫಿಟ್ಸ್‌ಗೂ ಕೊಡುವ ಕ್ಲೊನಾಝೆಪಾಮ್ ಯು.ಎ.ಇ.ಯಲ್ಲಿ ನಿಯಂತ್ರಿತ ಔಷಧಿಗಳು. ಇವುಗಳಿಗೆ ಹೊರಡುವ ಮೊದಲೇ ಅಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನ್ ಮೂಲಕ ಪಡೆಯಬೇಕು.

ಹಾಗಾದರೆ ಏನು ಮಾಡಬೇಕು?

1. ಔಷಧಿಯ ಮೂಲ ಹೆಸರನ್ನು ಬರೆಸಿಕೊಳ್ಳಿ. ಯೂರಿಯಾ ಯಾವ ಕಾರ್ಖಾನೆಯದ್ದಾದರೂ ಒಳಗಿರುವ ಸಾರಜನಕ ಶೇಕಡಾ 46 ಎಂದು ರೈತರಾದ ನಮಗೆ ಗೊತ್ತು. ಮಾತ್ರೆಯೂ ಹಾಗೆಯೇ. ಇಲ್ಲಿಯ ಗ್ಲೈಕೋಮೆಟ್, ಅಲ್ಲಿಯ ಗ್ಲುಕೋಫೇಜ್, ಎರಡರಲ್ಲೂ ಇರುವುದು ಮೆಟ್‌ಫಾರ್ಮಿನ್. ಮೂಲ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ಕಾಯಿಲೆಗೆ ಎಂಬುದನ್ನು ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆಸಿ, ಸಹಿ ಮೊಹರು ಹಾಕಿಸಿ. ಒಂದು ಪ್ರತಿ ಮನೆಯಲ್ಲಿರಲಿ.

2. ಮಾತ್ರೆಗಳು ಅಂಗಡಿಯ ಪಟ್ಟಿಯಲ್ಲೇ ಇರಲಿ. ಬಿಡಿಸಿ ಡಬ್ಬಿಗೆ ತುಂಬಬೇಡಿ. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ವಿಮಾನದ ಸಾಮಾನಿನ ಕೋಣೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು.

3. ತಲುಪಿದ ಕೂಡಲೇ, ಮಾತ್ರೆ ಮುಗಿಯುವ ಮೊದಲೇ, ಅಲ್ಲಿನ ವೈದ್ಯರಿಗೆ ಚೀಟಿ ತೋರಿಸಲಿ. 2025ರ ಜನವರಿ 1ರಿಂದ ಯು.ಎ.ಇ.ಯ ಏಳೂ ಎಮಿರೇಟುಗಳಲ್ಲಿ ಖಾಸಗಿ ನೌಕರರಿಗೆ ಆರೋಗ್ಯ ವಿಮೆ ಮಾಡಿಸುವುದು ಮಾಲೀಕರ ಹೊಣೆ. ಯಾವ ಆಸ್ಪತ್ರೆಗೆ ಹೋಗಬಹುದು, ಔಷಧಿಗೆ ಕೈಯಿಂದ ಎಷ್ಟು ಕೊಡಬೇಕು ಎಂದು ಕೇಳಿ ತಿಳಿದುಕೊಳ್ಳಲಿ.

4. ಒಳಗೇನಿದೆಯೆಂದು ತಿಳಿಯದ ಪೊಟ್ಟಣವನ್ನು ನೆರೆಯವರು ಕೊಟ್ಟರೂ ಒಯ್ಯಬಾರದು, ನಾವೂ ಯಾರ ಕೈಗೂ ಕೊಡಬಾರದು.

ಖರ್ಚು ಉಳಿಸಲು ಒಂದು ಮಾತ್ರೆಯನ್ನು ಎರಡು ದಿನಕ್ಕೆ ಹಂಚುವವರಿದ್ದಾರೆ. ಬಿ.ಪಿ. ಏರಿದರೂ ಮೈಗೆ ತಿಳಿಯುವುದಿಲ್ಲ. ತಿಳಿಯುವಾಗ ಪಾರ್ಶ್ವವಾಯು ಆಗಿರಬಹುದು. ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಮಗ ಫೋನ್ ಮಾಡಿದಾಗ ಊಟವಾಯಿತೇ ಎಂದು ಕೇಳುತ್ತೇವಲ್ಲ, ಮಾತ್ರೆ ಇನ್ನೆಷ್ಟು ದಿನಕ್ಕಿದೆ ಎಂದೂ ಕೇಳೋಣ.