ಮನೆತನದ ಮೂಲವನ್ನರಸುವ ಬಗೆ

ತನ್ನ ವಂಶದ ಮೂಲವನ್ನು ಅರಿಯಬೇಕೆಂಬ ಹಂಬಲವು ಮಾನವನಿಗೆ ಸಹಜವಾದುದು. ಆದರೆ ಮುತ್ತಜ್ಜನ ಹೆಸರನ್ನು ಕೇಳಿದೊಡನೆ ಹೇಳಬಲ್ಲ ವಿದ್ಯಾರ್ಥಿಗಳು ವಿರಳ. ಮುತ್ತಜ್ಜಿಯ ಹೆಸರನ್ನು ಬಲ್ಲವರು ಇನ್ನೂ ವಿರಳ. ಸಿದ್ದಾಪುರ ತಾಲೂಕಿನ ತ್ಯಾಗಲಿಯಂತಹ ಗ್ರಾಮದಲ್ಲಿ ಮನೆತನದ ಚರಿತ್ರೆಯನ್ನು ಬರೆಯಬಯಸುವವರು ಯಾವ ಆಕರಗಳನ್ನು ಹೇಗೆ ಬಳಸಬೇಕೆಂಬುದು ವಿಚಾರಣೀಯವಾಗಿದೆ.

ಜನಗಣತಿ

ಭಾರತದಲ್ಲಿ 1881ರಿಂದ 2011ರವರೆಗೆ ಹತ್ತು ವರ್ಷಗಳಿಗೊಮ್ಮೆ ತಪ್ಪದೆ ಜನಗಣತಿ ನಡೆದಿದೆ. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಗಣತಿಯ ಮನೆವಾರು ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುವರು. 1921ರ ಹಾಳೆಗಳು 2022ರಲ್ಲಿ ಪ್ರಕಟವಾದುವು. ನಮ್ಮಲ್ಲಿ ಹಾಗಲ್ಲ. 1948ರ ಜನಗಣತಿ ಕಾಯಿದೆಯ 15ನೆಯ ಕಲಮು ವ್ಯಕ್ತಿಗಳ ವಿವರವನ್ನು ಗೋಪ್ಯವಾಗಿರಿಸಿದೆ. ಆದುದರಿಂದ ಗಣತಿಯ ಗ್ರಂಥಗಳಲ್ಲಿ ಅಜ್ಜನ ಹೆಸರು ದೊರೆಯದು. ಅಜ್ಜನು ಬಾಳಿದ ಊರಿನ ಸ್ಥಿತಿ ದೊರೆಯುವುದು. 1951ರಿಂದ ಈಚೆಗಿನ ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿ ಗ್ರಾಮವಾರು ಜನಸಂಖ್ಯೆಯನ್ನು ಕಾಣಬಹುದು. ಉತ್ತರ ಕನ್ನಡವು 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ, ಹಳೆಯ ಸಂಪುಟಗಳನ್ನು ಮೈಸೂರಿನ ಹೆಸರಿನಲ್ಲಿ ಹುಡುಕದೆ ಮುಂಬಯಿಯ ಹೆಸರಿನಲ್ಲಿ ಹುಡುಕಬೇಕು.

ಭೂದಾಖಲೆ

ಹೆಸರುಗಳು ದೊರೆಯುವುದು ಪಹಣಿ, ಖಾತೆ, ವಾರಸಾ ದಾಖಲೆಗಳಲ್ಲಿ. ತಂದೆ ತೀರಿಕೊಂಡಾಗ ಮಕ್ಕಳ ಹೆಸರು ಏರುವುದರಿಂದ ತಲೆಮಾರುಗಳ ಕ್ರಮವು ಇಲ್ಲಿ ತಿಳಿಯುವುದು. ಆದರೆ ಹೆಸರು ಬದಲಾದಲ್ಲೆಲ್ಲ ಜಮೀನನ್ನು ಮಾರಿದರೆಂದು ಅವಸರದಿಂದ ತೀರ್ಮಾನಿಸಬಾರದು. 1930ರ ದಶಕದ ಆರಂಭದ ಕರನಿರಾಕರಣ ಚಳವಳಿಯಲ್ಲಿ ಸಿದ್ದಾಪುರ ತಾಲೂಕಿನ ಅನೇಕ ರೈತರ ಜಮೀನುಗಳು ಮುಟ್ಟುಗೋಲಾದುವು. ಅಂದು ಕಳೆದುಕೊಂಡ ಜಮೀನು ಮನೆತನದ ತ್ಯಾಗಕ್ಕೆ ಸಾಕ್ಷಿಯೇ ಹೊರತು ದುಂದುಗಾರಿಕೆಗೆ ಅಲ್ಲ. ಗೇಣಿದಾರರ ಮನೆತನಗಳಿಗಾದರೋ 1974ರ ಭೂಸುಧಾರಣೆಯ ಬಳಿಕ ಭೂನ್ಯಾಯಮಂಡಳಿಗಳು ನೀಡಿದ ತೀರ್ಪುಗಳೇ ಅಮೂಲ್ಯವಾದ ಆಕರ.

ಜಾತಕ ಮತ್ತು ಸಂವತ್ಸರ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರೂ ಜನ್ಮದಿನಾಂಕವೂ ಇರುವುವು. ಹಳೆಯ ಜಾತಕಗಳಲ್ಲಿ ಸಂವತ್ಸರದ ಹೆಸರಿರುವುದು. ಅರುವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳುವುದರಿಂದ ಎಚ್ಚರಿಕೆ ಅಗತ್ಯ. ಕಾಲಯುಕ್ತಿ ಸಂವತ್ಸರವು 1918ರಲ್ಲಿಯೂ ಬಂದಿತು, 1978ರಲ್ಲಿಯೂ ಬಂದಿತು. “ಕಾಲಯುಕ್ತಿಯಲ್ಲಿ ಜ್ವರದಿಂದ ಮನೆಯ ಇಬ್ಬರು ಹೋದರು” ಎಂಬ ಮಾತು ಹಿರಿಯರಿಂದ ಕೇಳಿಬಂದರೆ, ಅದನ್ನು 1918ರ ಇನ್‌ಫ್ಲುಯೆಂಜಾ ಮಹಾಮಾರಿಯೊಡನೆ ಹೋಲಿಸಿ ನೋಡಬೇಕು. ಒಂದು ಆಕರವನ್ನು ಇನ್ನೊಂದರಿಂದ ಪರೀಕ್ಷಿಸದೆ ಯಾವುದನ್ನೂ ಸಿದ್ಧವೆಂದು ಗ್ರಹಿಸಲಾಗದು.

ಕಾಗದದಲ್ಲಿಲ್ಲದವರು

ಜಮೀನಿಲ್ಲದವರ ಹೆಸರು ಭೂದಾಖಲೆಯಲ್ಲಿಲ್ಲ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರಂತೂ ಅಲ್ಲಿ ಅಪರೂಪ; ಕೆಲವು ಮನೆಗಳಲ್ಲಿ ಮದುವೆಯ ದಿನವೇ ಹೆಸರನ್ನು ಬದಲಾಯಿಸುತ್ತಿದ್ದುದರಿಂದ ಹುಟ್ಟಿನ ಹೆಸರು ತವರಿನಲ್ಲಿಯೇ ಉಳಿದುಹೋಯಿತು. ಬಯಲುಸೀಮೆಯಲ್ಲಿ ಹೆಳವರು ಮನೆಮನೆಗೆ ಬಂದು ವಂಶಾವಳಿಯನ್ನು ಹೇಳುವ ಪದ್ಧತಿಯಿದೆ. ಅಂತಹ ನೆರವಿಲ್ಲದ ಕಡೆ ಮನೆಯ ಹಿರಿಯರ ನೆನಪೇ ಆಧಾರ.

ಕಚೇರಿಯ ಕಡತವು ನಾಳೆಯೂ ಇರಬಹುದು. ಹಿರಿಯರು ಇರುವರೆಂಬ ಭರವಸೆಯಿಲ್ಲ. ಆದುದರಿಂದ ವಿದ್ಯಾರ್ಥಿಗಳು ಈ ರಜೆಯಲ್ಲಿಯೇ ಅಜ್ಜಿಯ ಬಳಿ ಕುಳಿತು, ಆಕೆಯ ಹುಟ್ಟಿನ ಹೆಸರು, ತವರೂರು, ತಾಯಿಯ ಹೆಸರು ಇವುಗಳನ್ನು ಕೇಳಿ ಬರೆದಿಡಬೇಕು. ವಂಶವೃಕ್ಷದ ಮೊದಲ ಪುಟವು ಅದೇ ಆಗಲಿ.